ಸೆರೆಯಲ್ಲಿರುವ ಜೀವಿಯ ದೂರು

(ಜುಮಾ ಖುತ್ಬಾಕ್ಕೆ ಮುಂಚಿತವಾಗಿ ನೀಡಿದ ಕನ್ನಡ ಭಾಷಣದ ಸಾರಾಂಶ)



 

ಕಳೆದ ರಜೆಗೆ ಊರಿಗೆ ಬಂದಿದ್ದ ನಮ್ಮ ಜಮಾಅತಿನ ಒಬ್ಬ ಯುವಕ, ಜುಮಾ ಮುಗಿದು ಎಲ್ಲರೂ ಹೊರಟುಹೋಗುವವರೆಗೆ ಕಂಬಕ್ಕೆ ಒರಗಿ ಕುಳಿತಿದ್ದ. ಬೆಂಗಳೂರಿನ ಹೊರವಲಯದಲ್ಲಿ ಔಷಧಿಗಳ ಪರೀಕ್ಷೆ ನಡೆಸುವ ಒಂದು ಸಂಸ್ಥೆಯಲ್ಲಿ ಅವನಿಗೆ ಕೆಲಸ. ಅಲ್ಲಿ ಪ್ರಯೋಗದ ಪ್ರಾಣಿಗಳನ್ನು ಸಾಕುವ ಕಟ್ಟಡಕ್ಕೆ ಆನಿಮಲ್ ಹೌಸ್ ಎನ್ನುತ್ತಾರಂತೆ. ಬಿಳಿ ಇಲಿಗಳ ಪೆಟ್ಟಿಗೆ ಬದಲಿಸುವುದು, ನೀರಿನ ಬಾಟಲಿ ತುಂಬುವುದು, ಒಂದೊಂದನ್ನೇ ಎತ್ತಿ ತೂಕ ನೋಡಿ ಬರೆದಿಡುವುದು, ಇದು ಅವನ ದಿನದ ಕೆಲಸ. "ಉಸ್ತಾದರೇ, ಉಮ್ಮನಿಗೆ ಈ ಕೆಲಸ ಇಷ್ಟ ಇಲ್ಲ. ಬಾಯಿ ಇಲ್ಲದ ಜೀವಗಳ ಶಾಪ ತಟ್ಟುತ್ತದೆ ಅಂತಾರೆ. ನನ್ನ ಸಂಬಳ ಹಲಾಲೇ?" ಎಂದು ಕೇಳಿದ.

ಅಲ್ಲೇ ಇದ್ದ ಹಿರಿಯರೊಬ್ಬರು, "ಇಲಿಯನ್ನು ಕೊಲ್ಲಲು ಹದೀಸಿನಲ್ಲೇ ಅನುಮತಿ ಇದೆಯಲ್ಲ ಮಗಾ, ಅದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತಿ?" ಎಂದರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಹುಡುಗನ ಮುಖ ನೋಡಿದರೆ ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಆಗಿರಲಿಲ್ಲ. ಝಬೀಹತ್‌ನ ನಿಯಮಗಳನ್ನು ದರ್ಸಿನಲ್ಲಿ ಕಲಿತಿದ್ದೇನೆ, ಆದರೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿನ ಇಲಿಯ ಬಗ್ಗೆ ನನಗೆ ಯಾರೂ ಕಲಿಸಿರಲಿಲ್ಲ. ಸ್ವಲ್ಪ ಸಮಯ ಕೊಡು ಎಂದೆ. ಮನೆಯಲ್ಲಿದ್ದ ಕಿತಾಬುಗಳನ್ನು ತೆರೆದೆ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷ್ ಹಿಡಿದುಕೊಂಡು ಈ ವಿಷಯದ ಸಂಶೋಧನೆಗಳನ್ನೂ ಆದಷ್ಟು ಓದಿದೆ. ಓದುತ್ತಾ ಹೋದಂತೆ, ಇದು ಆ ಯುವಕನೊಬ್ಬನ ಪ್ರಶ್ನೆಯಲ್ಲ, ನಮ್ಮ ಮನೆಗಳ ಪ್ರಶ್ನೆಯೂ ಹೌದು ಎಂದು ತಿಳಿಯಿತು.

ಮೊದಲು ಒಂದು ಘಟನೆ. ಅಬೂದಾವೂದ್‌ನಲ್ಲಿ ಅಬ್ದುಲ್ಲಾ ಬಿನ್ ಜಅ್‌ಫರ್(ರ) ವರದಿ ಮಾಡಿದ್ದಾರೆ. ಪ್ರವಾದಿ(ಸ)ರು ಅನ್ಸಾರಿಗಳಲ್ಲೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆಯೊಂದು ಅವರನ್ನು ಕಂಡು ನರಳಿತು, ಅದರ ಕಣ್ಣಲ್ಲಿ ನೀರು ಬಂತು. ಪ್ರವಾದಿ(ಸ)ರು ಹತ್ತಿರ ಹೋಗಿ ಅದರ ಕಿವಿಯ ಹಿಂಭಾಗವನ್ನು ಸವರಿದರು. ಅದು ಶಾಂತವಾಯಿತು. ಆಮೇಲೆ ಒಡೆಯ ಯಾರೆಂದು ಕೇಳಿ ಕರೆಸಿ, ಅಲ್ಲಾಹನು ನಿನ್ನ ವಶಕ್ಕೆ ಕೊಟ್ಟ ಈ ಮೂಕ ಪ್ರಾಣಿಯ ವಿಷಯದಲ್ಲಿ ನಿನಗೆ ಅವನ ಭಯ ಬೇಡವೇ, ನೀನು ಇದನ್ನು ಹಸಿವಿನಲ್ಲಿಟ್ಟು ದಣಿಸುತ್ತೀ ಎಂದು ಇದು ನನ್ನಲ್ಲಿ ದೂರಿದೆ ಎಂಬ ಅರ್ಥದಲ್ಲಿ ಮಾತನಾಡಿದರು.

ಆ ಒಡೆಯನೂ ಒಬ್ಬ ಅನ್ಸಾರಿ. ಕೆಟ್ಟ ಮನುಷ್ಯನೆಂದು ಯಾರೂ ಹೇಳಿಲ್ಲ. ದಿನವೂ ಆ ಒಂಟೆಯನ್ನು ನೋಡುತ್ತಿದ್ದ, ಆದರೆ ಅದರ ದೂರು ಅವನಿಗೆ ಕೇಳಿಸಿರಲಿಲ್ಲ.

ಇನ್ನು ಬೆಕ್ಕಿನ ಹದೀಸ್. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ, ಮದ್ರಸದ ಮಕ್ಕಳಿಗೂ ಗೊತ್ತು. ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಹೆಂಗಸು ನರಕಕ್ಕೆ ಹೋದಳು. ನಾವು ಅದನ್ನು ಹೇಳುವಾಗ ಅನ್ನ ಹಾಕದ ಸಂಗತಿಯನ್ನು ಮಾತ್ರ ಹೇಳುತ್ತೇವೆ. ಹದೀಸಿನಲ್ಲಿ ಇನ್ನೊಂದು ಅಂಶ ಇದೆ. ಅವಳು ಅದಕ್ಕೆ ಆಹಾರವನ್ನೂ ಕೊಡಲಿಲ್ಲ, ಹೊರಗೆ ಹೋಗಿ ತಾನೇ ಹುಳ ಹುಪ್ಪಟೆ ತಿನ್ನಲಿ ಎಂದು ಬಿಡಲೂ ಇಲ್ಲ. ಬೀದಿಯ ಬೆಕ್ಕಿಗೆ ನೀವು ಅನ್ನ ಹಾಕದಿದ್ದರೆ ಅದು ಬೇರೆಲ್ಲಾದರೂ ಹೋಗುತ್ತದೆ. ಬಾಗಿಲು ಮುಚ್ಚಿದ ಮೇಲೆ ಹಾಗಲ್ಲ. ಅದರ ಹಸಿವು, ಬಾಯಾರಿಕೆ, ಚಳಿ, ಭಯ ಎಲ್ಲವೂ ಬಾಗಿಲು ಮುಚ್ಚಿದವನ ಲೆಕ್ಕಕ್ಕೆ ಬರುತ್ತವೆ. ಪ್ರಯೋಗಾಲಯದ ಇಲಿ, ಮೃಗಾಲಯದ ಆನೆ, ಮನೆಯ ಪಂಜರದ ಗಿಳಿ, ಎಲ್ಲಕ್ಕೂ ಇದೇ ಲೆಕ್ಕ.

ಶಾಫಿಈ ಮದ್‌ಹಬ್‌ನ ಮಹಾನ್ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್(ರ) 1262ರಲ್ಲಿ ತೀರಿಕೊಂಡವರು. ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಅವರು ಬರೆದಿಟ್ಟಿದ್ದಾರೆ. ಪ್ರಾಣಿ ಮುದಿಯಾಗಿ, ರೋಗ ಬಂದು, ಅದರಿಂದ ಪ್ರಯೋಜನವೇ ಇಲ್ಲವೆಂದಾದರೂ ಅದರ ಖರ್ಚು ನೋಡಿಕೊಳ್ಳಬೇಕು. ತಾಳಲಾಗದ ಹೊರೆ ಹೊರಿಸಬಾರದು. ಅದನ್ನು ನೋಯಿಸುವ ಬೇರೆ ಪ್ರಾಣಿಯ ಜೊತೆ ಸೇರಿಸಿಡಬಾರದು. ಮರಿಯನ್ನು ತಾಯಿಯ ಕಣ್ಣೆದುರು ಕೊಯ್ಯಬಾರದು. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು ಇದು.

ಆದರೆ ಒಂಟೆಯ ದೂರನ್ನು ಅರಿತವರು ಪ್ರವಾದಿ(ಸ). ನಮಗೆ ಆ ಜ್ಞಾನವಿಲ್ಲ. ಇಲಿಗೆ ಏನು ಬೇಕು, ಕೋಳಿಗೆ ಏನು ಬೇಕು ಎಂದು ತಿಳಿಯುವುದು ಹೇಗೆ? ಕಳೆದ ಐವತ್ತು ಅರುವತ್ತು ವರ್ಷಗಳಿಂದ ಕೆಲವು ವಿಜ್ಞಾನಿಗಳು ಮಾಡುತ್ತಿರುವುದು ಇದೇ ಕೆಲಸವನ್ನು. ಮೂಕ ಪ್ರಾಣಿಯ ದೂರನ್ನು ಕೇಳುವ ದಾರಿಗಳನ್ನು ಅವರು ಹುಡುಕುತ್ತಿದ್ದಾರೆ.

ಕೋಳಿಯ ಕಥೆ ಕೇಳಿ. 1965ರಲ್ಲಿ ಇಂಗ್ಲೆಂಡಿನ ಸರಕಾರ ನೇಮಿಸಿದ ಬ್ರ್ಯಾಂಬೆಲ್ ಸಮಿತಿ ಸಾಕುಪ್ರಾಣಿಗಳ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟಿತು. ಪಂಜರದ ಕೋಳಿಗಳ ಕಾಲಿಗೆ ತೆಳು ತಂತಿಯ ಆರು ಮೂಲೆಯ ಬಲೆ ನೋವು ಕೊಡುತ್ತದೆ, ದಪ್ಪ ತಂತಿಯ ನೆಲವೇ ಆಗಬೇಕು ಎಂದು ಸಮಿತಿಯ ಪಂಡಿತರು ಶಿಫಾರಸು ಮಾಡಿದರು. ನೋಡುವವರಿಗೆ ಸರಿಯೆಂದೇ ಕಾಣುತ್ತದೆ. 1973ರಲ್ಲಿ ಇಬ್ಬರು ಸಂಶೋಧಕರು ಎರಡೂ ಬಗೆಯ ನೆಲವನ್ನಿಟ್ಟು ಆರಿಸುವುದನ್ನು ಕೋಳಿಗಳಿಗೇ ಬಿಟ್ಟರು. ಕೋಳಿಗಳು ಪಂಡಿತರು ಬೇಡವೆಂದ ತೆಳು ತಂತಿಯ ಮೇಲೆಯೇ ಹೋಗಿ ನಿಂತವು! ಕರುಣೆಯಿಂದ ಹೇಳಿದ ಮಾತೂ ಕೇಳದೆ ಹೇಳಿದರೆ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಿಂಕ್ ಎಂಬ ಪ್ರಾಣಿಯಿದೆ, ಮುಂಗುಸಿಯಷ್ಟು ದೊಡ್ಡದು, ನೀರಿನ ಬಳಿ ವಾಸ. ಚರ್ಮದ ಕೋಟಿಗಾಗಿ ಅದನ್ನು ಸಾಲು ಪಂಜರಗಳಲ್ಲಿ ಸಾಕುತ್ತಾರೆ. ಜಾರ್ಜಿಯಾ ಮೇಸನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅದರ ಪಂಜರಕ್ಕೆ ಹಲವು ಕೋಣೆಗಳನ್ನು ಜೋಡಿಸಿದರು. ಒಂದರಲ್ಲಿ ಆಟಿಕೆ, ಒಂದರಲ್ಲಿ ಹುಲ್ಲಿನ ಗೂಡು, ಒಂದರಲ್ಲಿ ಈಜುವಷ್ಟು ನೀರು. ಬಾಗಿಲುಗಳಿಗೆ ಭಾರ ಕಟ್ಟಿ ಅದನ್ನು ಹೆಚ್ಚಿಸುತ್ತಾ ಹೋದರು. ಯಾವ ಬಾಗಿಲನ್ನು ಅದು ಕಷ್ಟಪಟ್ಟಾದರೂ ತಳ್ಳುತ್ತದೆ ಎಂದು ನೋಡುವುದು ಉದ್ದೇಶ. ನೀರಿಗಾಗಿ ಅದು ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟಿತು. ನೀರಿನ ಕೋಣೆಯನ್ನು ಒಂದು ದಿನ ಮುಚ್ಚಿದಾಗ ಅದರ ಮೂತ್ರದಲ್ಲಿ ಒತ್ತಡದ ಹಾರ್ಮೋನ್ ಏರಿತು. ಆಹಾರ ತಪ್ಪಿಸಿದಾಗ ಏರುವಷ್ಟೇ ಏರಿತು. 2001ರಲ್ಲಿ ಪ್ರಕಟವಾದ ಸಂಶೋಧನೆ ಇದು. ಹೊಟ್ಟೆ ತುಂಬಾ ಹಾಕುತ್ತೇವಲ್ಲ, ಇನ್ನೇನು ಬೇಕು ಎಂದು ಕೇಳುವವರು ಇದನ್ನು ಯೋಚಿಸಬೇಕು.

ಬ್ರಿಸ್ಟಲ್‌ನಲ್ಲಿ ಇಲಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗ, 2004ರದ್ದು. ಒಂದು ಸ್ವರ ಕೇಳಿದರೆ ಸನ್ನೆ ಒತ್ತಿ, ತಿನ್ನಲು ಸಿಗುತ್ತದೆ. ಇನ್ನೊಂದು ಸ್ವರ ಕೇಳಿದಾಗ ಒತ್ತಿದರೆ ಕರ್ಕಶ ಸದ್ದು. ಇಲಿಗಳು ಇದನ್ನು ಕಲಿತ ಮೇಲೆ ಕೆಲವನ್ನು ನೆಮ್ಮದಿಯಾಗಿ ಇಟ್ಟರು. ಇನ್ನು ಕೆಲವಕ್ಕೆ ಯಾವಾಗ ಏನಾಗುತ್ತದೋ ಹೇಳಲಾಗದಂಥ ಸ್ಥಿತಿ, ಒಮ್ಮೆ ಹಾಸು ಒದ್ದೆ, ಒಮ್ಮೆ ಅಪರಿಚಿತ ಇಲಿಯ ಸಹವಾಸ. ಆಮೇಲೆ ಎರಡೂ ಅಲ್ಲದ ನಡುವಿನ ಸ್ವರ ಕೇಳಿಸಿದಾಗ ನೆಮ್ಮದಿಯ ಇಲಿಗಳು ಏನೋ ಸಿಗಬಹುದೆಂದು ಬೇಗ ಒತ್ತಿದವು. ಕಷ್ಟದಲ್ಲಿದ್ದವು ಹಿಂಜರಿದವು. ಕಷ್ಟ ಕಂಡ ಮನುಷ್ಯ ಫೋನ್ ಬಡಿದರೆ ಕೆಟ್ಟ ಸುದ್ದಿಯೇ ಇರಬಹುದು ಎಂದು ಹೆದರುವುದಿಲ್ಲವೇ, ಹಾಗೆ.

ಈಗ ನಮ್ಮ ಯುವಕನ ಕೈಗೆ ಬರೋಣ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಹರ್ಸ್ಟ್ ಮತ್ತು ವೆಸ್ಟ್ ಎಂಬಿಬ್ಬರು ಒಂದು ಸಣ್ಣ ವಿಷಯವನ್ನು ಪರೀಕ್ಷಿಸಿದರು. ಪ್ರಯೋಗಾಲಯಗಳಲ್ಲಿ ಬಿಳಿ ಇಲಿಯನ್ನು ಬಾಲ ಹಿಡಿದು ಎತ್ತುವುದು ಹಳೆಯ ರೂಢಿ. ಇವರು ಕೆಲವನ್ನು ಬಾಲ ಹಿಡಿದೆತ್ತಿದರು, ಕೆಲವನ್ನು ಬೊಗಸೆಯಲ್ಲಿ, ಕೆಲವನ್ನು ಒಂದು ಕೊಳವೆಯೊಳಗೆ ತಾನಾಗಿ ಹೊಕ್ಕ ಮೇಲೆ ಕೊಳವೆ ಸಮೇತ. ಬಾಲ ಹಿಡಿದವು ಮನುಷ್ಯನ ಕೈಯಿಂದ ದೂರ ಸರಿದವು, ಪರೀಕ್ಷೆಯಲ್ಲಿ ಹೆಚ್ಚು ಹೆದರಿದವು. ಕೊಳವೆಯವೂ ಬೊಗಸೆಯವೂ ಕೈಯ ಹತ್ತಿರ ತಾವಾಗಿ ಬಂದವು. ಬಾಲ ಹಿಡಿದೆತ್ತಿದ ಇಲಿಗಳು ಹೆದರಿಕೆಯಿಂದ ಸುತ್ತ ಏನಿದೆಯೆಂದೇ ನೋಡದೆ ಕಲಿಕೆಯ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತವೆ ಎಂದು 2017ರ ಇನ್ನೊಂದು ಅಧ್ಯಯನ ತೋರಿಸಿತು. ಅಂದರೆ, ಹೆದರಿದ ಇಲಿ ತಪ್ಪು ಉತ್ತರ ಕೊಡುತ್ತದೆ. ಆ ಉತ್ತರ ನಂಬಿ ತಯಾರಾದ ಔಷಧಿಯನ್ನು ನಾಳೆ ನಮ್ಮ ಮಗು ಕುಡಿಯುತ್ತದೆ.

ಚಳಿಯ ವಿಷಯವೂ ಇದೆ. ಪ್ರಯೋಗಾಲಯದ ಕೋಣೆಗಳನ್ನು ಸಾಮಾನ್ಯವಾಗಿ 20ರಿಂದ 24 ಡಿಗ್ರಿಯಲ್ಲಿ ಇಡುತ್ತಾರೆ. ಬಟ್ಟೆ ತೊಟ್ಟ ಮನುಷ್ಯನಿಗೆ ಅದು ಹಿತ. ಬಿಳಿ ಇಲಿಗೆ ಹಿತವಾಗಿರುವುದು 30 ಡಿಗ್ರಿಯ ಆಸುಪಾಸು. ಗೂಡು ಕಟ್ಟಲು ಒಂದಿಷ್ಟು ಕಾಗದದ ಚೂರು ಕೊಟ್ಟರೆ ಅದು ತನ್ನ ಬೆಚ್ಚಗಿನ ಮನೆಯನ್ನು ತಾನೇ ಮಾಡಿಕೊಳ್ಳುತ್ತದೆ. ಕೊಡಲು ಎಷ್ಟು ಖರ್ಚು?

ನಾನು ಬಾಲದ ವಿಷಯ ಹೇಳಿದಾಗ ಆ ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಬಾಲ ಹಿಡಿದೇ ಎತ್ತುವುದು ಉಸ್ತಾದರೇ. ಹಾಗೆಯೇ ಕಲಿಸಿದ್ದು" ಎಂದ.

ಇಲಿಯನ್ನು ಕೊಲ್ಲಲು ಅನುಮತಿ ಇದೆ ಎಂದ ಹಿರಿಯರಿಗೆ ಉತ್ತರವೂ ಇಲ್ಲೇ ಇದೆ. ಕೊಲ್ಲುವ ಅನುಮತಿ ಹಿಂಸಿಸುವ ಅನುಮತಿಯಲ್ಲ. ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ, ಮುಸ್ಲಿಮ್‌ನಲ್ಲಿರುವ ಹದೀಸಿನ ಪ್ರಕಾರ ಅಲ್ಲಾಹನು ಪ್ರತಿಯೊಂದರಲ್ಲೂ ಇಹ್ಸಾನ್ ಕಡ್ಡಾಯಗೊಳಿಸಿದ್ದಾನೆ, ಕೊಲ್ಲುವುದರಲ್ಲೂ, ಕೊಯ್ಯುವುದರಲ್ಲೂ. ಅದಕ್ಕೇ ಚೂರಿ ಹರಿತ ಮಾಡಲು ಹೇಳಿದ್ದು. ಕಟ್ಟಿಹಾಕಿದ ಕೋಳಿಗೆ ಗುರಿಯಿಟ್ಟು ಬಾಣ ಬಿಡುತ್ತಿದ್ದ ಹುಡುಗರನ್ನು ಕಂಡು ಅನಸ್(ರ) ಪ್ರವಾದಿ(ಸ)ರ ನಿಷೇಧವನ್ನು ನೆನಪಿಸಿದರು. ಕೋಳಿ ತಿನ್ನಲು ಹಲಾಲ್ ಆಗಿದ್ದರೂ ಆ ಆಟ ಹಲಾಲ್ ಆಗಲಿಲ್ಲ.

ಹಾಗಾದರೆ ಸಂಬಳದ ಪ್ರಶ್ನೆ? ನಾನು ಫತ್ವಾ ಕೊಡುವ ಮುಫ್ತಿಯಲ್ಲ. ನನ್ನ ತಿಳಿವಳಿಕೆಯನ್ನು ಹೇಳಿದೆ. ಮನುಷ್ಯನ ಜೀವ ಉಳಿಸುವ ಔಷಧಿಗೆ ನಿಜವಾದ ಅಗತ್ಯ ಇರಬೇಕು, ಬೇರೆ ದಾರಿ ಇಲ್ಲದಿರಬೇಕು, ಪ್ರಾಣಿಗಳ ಸಂಖ್ಯೆ ಸಾಧ್ಯವಾದಷ್ಟು ಕಡಿಮೆ ಇರಬೇಕು, ನೋವನ್ನು ತಡೆಯಬೇಕು. ಆಗ ಆ ಕೆಲಸ ಹರಾಮ್ ಎನ್ನಲು ನನ್ನಲ್ಲಿ ಆಧಾರವಿಲ್ಲ. ವಿಜ್ಞಾನಿಗಳೇ ಇಂಥ ನಿಯಮ ಮಾಡಿಕೊಂಡಿದ್ದಾರೆ. ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿ ಬರೆದ ಪುಸ್ತಕದಲ್ಲಿ ಮೂರು ಸೂತ್ರ ಕೊಟ್ಟರು: ಪ್ರಾಣಿಗೆ ಬದಲು ಬೇರೆ ವಿಧಾನ ಹುಡುಕು, ಬಳಸಲೇಬೇಕಾದರೆ ಸಂಖ್ಯೆ ಇಳಿಸು, ಬಳಸಿದವಕ್ಕೆ ನೋವು ತಗ್ಗಿಸು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿದೆ, ಪ್ರಯೋಗಗಳಿಗೆ 1998ರ ನಿಯಮಗಳಿವೆ, ಪ್ರತಿ ಸಂಸ್ಥೆಯಲ್ಲೂ ಅನುಮತಿ ಕೊಡುವ ಸಮಿತಿ ಇರಬೇಕು. ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಲಾಯಿತು. ತುಟಿಯ ಬಣ್ಣಕ್ಕಾಗಿ ಮೊಲದ ಕಣ್ಣು ಉರಿಸುವುದು ಯಾವ ಅಗತ್ಯ? 2023ರಲ್ಲಿ ತಂದ ತಿದ್ದುಪಡಿಯಿಂದ ಹೊಸ ಔಷಧಿಗಳ ಪರೀಕ್ಷೆಯಲ್ಲೂ ಪ್ರಾಣಿಗಳಿಲ್ಲದ ವಿಧಾನಗಳಿಗೆ ದಾರಿ ತೆರೆದಿದೆ.

ಆದರೆ ಕಾಗದದ ಮೇಲೆ ಸಹಿ ಹಾಕುವುದು ಸಮಿತಿ. ರಾತ್ರಿ ಪಾಳಿಯಲ್ಲಿ ಪೆಟ್ಟಿಗೆಯೊಳಗೆ ಇಳಿಯುವುದು ನಿನ್ನ ಕೈ. ಅದರ ಲೆಕ್ಕ ನಿನ್ನದು ಎಂದು ಅವನಿಗೆ ಹೇಳಿದೆ.

ಜ್ಞಾನಕ್ಕಾಗಿ ಮಾಡಿದ್ದೆಲ್ಲ ಸರಿಯೆಂದು ನಾನು ಒಪ್ಪುವುದಿಲ್ಲ. ಅಮೆರಿಕದ ಹ್ಯಾರಿ ಹಾರ್ಲೋ ಎಂಬವರು 1950ರ ದಶಕದಲ್ಲಿ ಕೋತಿ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ತಂತಿಯ ಒಂದು ಗೊಂಬೆ, ಬಟ್ಟೆ ಸುತ್ತಿದ ಒಂದು ಗೊಂಬೆ ಇಟ್ಟರು. ಹಾಲು ತಂತಿಯ ಗೊಂಬೆಯಲ್ಲಿದ್ದರೂ ಮರಿಗಳು ದಿನವಿಡೀ ಬಟ್ಟೆಯ ಗೊಂಬೆಯನ್ನೇ ಅಪ್ಪಿಕೊಂಡಿದ್ದವು. ಮುಂದೆ ಅವರು ಮರಿಗಳನ್ನು ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಟ್ಟರು, ಅವು ಕುಗ್ಗಿಹೋದವು. ಮಕ್ಕಳನ್ನು ಹೆಚ್ಚು ಎತ್ತಿಕೊಳ್ಳಬಾರದು ಎಂದು ಆ ದೇಶದ ಪಂಡಿತರು ಹೇಳುತ್ತಿದ್ದ ಕಾಲ ಅದು. ಆ ತಪ್ಪು ತಿದ್ದಲು ಈ ಪ್ರಯೋಗ ನೆರವಾಯಿತು ಎನ್ನುತ್ತಾರೆ, ಅದು ನಿಜವೂ ಹೌದು. ಆದರೂ ಅದನ್ನು ಓದಿದ ರಾತ್ರಿ ನನಗೆ ಒಂದು ಹದೀಸ್ ನೆನಪಾಗುತ್ತಿತ್ತು. ಸಹಾಬಿಗಳು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಬಂತು. ಪ್ರವಾದಿ(ಸ)ರು ನೋಡಿ, ಮರಿಗಳ ಮೂಲಕ ಇದನ್ನು ನೋಯಿಸಿದವರಾರು ಎಂದು ಕೇಳಿ, ಹಿಂದಿರುಗಿಸಲು ಹೇಳಿದರು. ಹಾರ್ಲೋ ಬಳಸಿದ್ದು ರೀಸಸ್ ಕೋತಿ, ನಮ್ಮ ಉತ್ತರ ಭಾರತದ ಊರುಗಳಲ್ಲಿ ಓಡಾಡುವ ಜಾತಿ. ಇಂಥ ಕೋತಿಗಳನ್ನು ನಮ್ಮ ದೇಶ 1978ರವರೆಗೆ ಪ್ರಯೋಗಾಲಯಗಳಿಗೆ ಹೊರದೇಶಕ್ಕೆ ಕಳಿಸುತ್ತಿತ್ತು. ಆ ವರ್ಷ ನಿಲ್ಲಿಸಿತು.

ಇನ್ನು ಪಂಜರದ ಮಾತು. ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಜಗಲಿಯಲ್ಲಿ ಒಂದು ಗಿಳಿಯಿತ್ತು. ಮರದ ಪೊಟರೆಯಿಂದ ಮರಿಯಾಗಿರುವಾಗಲೇ ತಂದದ್ದು. ಅದಕ್ಕೆ ಮೆಣಸು, ಪೇರಳೆ ಹಾಕುವುದು ನನ್ನ ಕೆಲಸ. ಅದು ಗಂಟೆಗಟ್ಟಲೆ ಒಂದೇ ಕಡೆ ನಿಂತು ತಲೆಯನ್ನು ಬಲಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ ಆಡಿಸುತ್ತಿತ್ತು. "ನೋಡು, ಗಿಳಿ ದಿಕ್ರ್ ಹೇಳುತ್ತಿದೆ" ಎನ್ನುತ್ತಿದ್ದರು ನಮ್ಮ ಅಜ್ಜಿ. ನಾವು ಮಕ್ಕಳು ಖುಷಿಯಿಂದ ನೋಡುತ್ತಿದ್ದೆವು. ನಲ್ವತ್ತು ದಾಟಿದ ಮೇಲೆ, ಈ ಪುಸ್ತಕಗಳನ್ನು ಓದುವಾಗ ತಿಳಿಯಿತು, ಅರ್ಥವಿಲ್ಲದೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಸೆರೆಯಲ್ಲಿ ಬದುಕು ಬರಿದಾದ ಪ್ರಾಣಿಯ ಲಕ್ಷಣ. ಮೃಗಾಲಯದ ಚಿರತೆ ಸರಳುಗಳ ಹಿಂದೆ ಅತ್ತಿಂದಿತ್ತ ನಡೆಯುವುದು, ಸರಪಳಿ ಹಾಕಿದ ಆನೆ ತೂಗುವುದು, ಎಲ್ಲ ಅದೇ. ಎಲ್ಲ ಪ್ರಾಣಿಗಳೂ ಅಲ್ಲಾಹನ ತಸ್ಬೀಹ್ ಹೇಳುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಗಿಳಿಯ ಆ ತಲೆಯಾಟ ದೂರು ಆಗಿತ್ತು. ನಾನು ದಿನವೂ ಮೆಣಸು ಹಾಕುತ್ತಿದ್ದೆ, ನನಗೆ ಕೇಳಿಸಲಿಲ್ಲ.

2003ರಲ್ಲಿ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಮೃಗಾಲಯಗಳ ಮಾಂಸಾಹಾರಿ ಪ್ರಾಣಿಗಳನ್ನು ಹೋಲಿಸಿ ನೋಡಿದರು. ಕಾಡಿನಲ್ಲಿ ಹೆಚ್ಚು ದೂರ ಅಲೆಯುವ ಜಾತಿಗಳೇ ಸೆರೆಯಲ್ಲಿ ಹೆಚ್ಚು ಅತ್ತಿಂದಿತ್ತ ನಡೆಯುತ್ತವೆ, ಅವುಗಳ ಮರಿಗಳೂ ಹೆಚ್ಚು ಸಾಯುತ್ತವೆ. ಹಿಮಕರಡಿಗೆ ಮೃಗಾಲಯದಲ್ಲಿ ಸಿಗುವ ಜಾಗ ಅದು ತನ್ನ ನೆಲದಲ್ಲಿ ಅಲೆಯುವ ಕನಿಷ್ಠ ಜಾಗದ ಹತ್ತು ಲಕ್ಷದಲ್ಲಿ ಒಂದು ಪಾಲು. 2008ರಲ್ಲಿ ಕ್ಲಬ್ ಮತ್ತು ಸಂಗಡಿಗರು ಆನೆಗಳ ಲೆಕ್ಕ ಹಾಕಿದರು. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು 18.9 ವರ್ಷ. ಮ್ಯಾನ್ಮಾರ್‌ನಲ್ಲಿ ಮರದ ದಿಮ್ಮಿ ಎಳೆಯುವ ಆನೆಗಳದ್ದು 41.7 ವರ್ಷ. ದಿಮ್ಮಿ ಎಳೆಯುವುದು ಸುಖದ ಕೆಲಸವಲ್ಲ. ಆದರೆ ರಾತ್ರಿ ಅವನ್ನು ಕಾಡಿಗೆ ಬಿಡುತ್ತಾರೆ, ಅವು ಜೊತೆಯವರೊಂದಿಗೆ ಮೇಯುತ್ತವೆ.

ಕರಡಿಯ ವಿಷಯ ಹೇಳದೆ ಮುಗಿಸುವಂತಿಲ್ಲ, ಯಾಕೆಂದರೆ ಅದು ನಮ್ಮ ಸಮುದಾಯದ ವಿಷಯ. ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಂದರರು ಮುಸ್ಲಿಮರು, ಬಡವರು. ತಲೆಮಾರುಗಳಿಂದ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮರಿಯ ಮೂತಿಯನ್ನು ಕಾದ ಸೂಜಿಯಿಂದ ಚುಚ್ಚಿ ಹಗ್ಗ ಹಾಕಿ, ಹಲ್ಲು ಕಿತ್ತು ಪಳಗಿಸುತ್ತಿದ್ದರು. ಹಗ್ಗ ಜಗ್ಗಿದಾಗ ನೋವು ತಾಳದೆ ಅದು ಎರಡು ಕಾಲಲ್ಲಿ ಎದ್ದು ನಿಲ್ಲುತ್ತಿತ್ತು. ಶಾಲೆ ಬಿಟ್ಟ ಮಕ್ಕಳಾದ ನಾವು ಅದಕ್ಕೆ ಕುಣಿತ ಎನ್ನುತ್ತಿದ್ದೆವು. 1972ರ ಕಾಯ್ದೆಯಿಂದಲೇ ಕರಡಿ ಹಿಡಿಯುವುದು ಅಪರಾಧವಾಗಿತ್ತು, ಆದರೆ ಹಿಡಿದವನನ್ನು ಜೈಲಿಗೆ ಹಾಕಿದರೆ ಅವನ ಮಕ್ಕಳು ಉಪವಾಸ. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಸರಕಾರದೊಂದಿಗೆ ಸೇರಿ ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬೇರೆ ಜೀವನೋಪಾಯಕ್ಕೆ, ಮಕ್ಕಳ ಓದಿಗೆ ನೆರವು ಕೊಟ್ಟಿತು. ಆರುನೂರಕ್ಕೂ ಹೆಚ್ಚು ಕರಡಿಗಳು ಬಿಡುಗಡೆಯಾದವು. ಕೊನೆಯದು, ರಾಜು ಎಂಬ ಹೆಸರಿನದು, 2009ರ ಡಿಸೆಂಬರ್‌ನಲ್ಲಿ ನಮ್ಮ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರ ಸೇರಿತು. ಒಂಟೆಯ ಒಡೆಯನನ್ನು ಪ್ರವಾದಿ(ಸ)ರು ಶಪಿಸಲಿಲ್ಲ, ಕರೆದು ಮಾತನಾಡಿದರು. ಇಲ್ಲೂ ಹಾಗೆ ಮಾತನಾಡಿದ್ದೇ ಫಲ ಕೊಟ್ಟಿತು.

ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಬಳಿ ಹಕ್ಕಿ ಇತ್ತಲ್ಲ, ಪ್ರವಾದಿ(ಸ)ರು ಬೇಡ ಎನ್ನಲಿಲ್ಲವಲ್ಲ ಎಂದು ಕೆಲವರು ಕೇಳುತ್ತೀರಿ. ಸರಿಯೇ. ಹಕ್ಕಿ ಸಾಕಬಹುದೆಂದು ಉಲಮಾಗಳು ಆ ಹದೀಸಿನಿಂದಲೇ ಹೇಳಿದ್ದಾರೆ. ಅದರ ಹಕ್ಕು ನೆರವೇರಿಸಬೇಕು ಎಂಬ ಷರತ್ತಿನೊಂದಿಗೆ ಹೇಳಿದ್ದಾರೆ. ಹಕ್ಕಿಯ ಹಕ್ಕು ಬರೀ ಕಾಳು ನೀರಲ್ಲ ಎಂದು ಈಗ ನಮಗೆ ಗೊತ್ತಾಗಿದೆ. ಲವ್ ಬರ್ಡ್ಸ್ ಸಾಕುವವರು ಒಂಟಿಯಾಗಿ ಇಡಬೇಡಿ, ಹಾರಲು ಜಾಗ ಕೊಡಿ. ಬಕ್ರೀದಿಗೆ ತಂದ ಆಡನ್ನು ಬಿಸಿಲಲ್ಲಿ ಗಿಡ್ಡ ಹಗ್ಗದಲ್ಲಿ ಕಟ್ಟಬೇಡಿ. ಕೋಳಿ ಅಂಗಡಿ ಇಟ್ಟಿರುವ ಸಹೋದರರು ಇಲ್ಲೇ ನಾಲ್ವರು ಕುಳಿತಿದ್ದೀರಿ, ಪಂಜರದಲ್ಲಿ ಒಂದರ ಮೇಲೊಂದು ತುಂಬಿಸುವುದರ ಬಗ್ಗೆ ನಿಮ್ಮೊಂದಿಗೆ ಬೇರೆಯಾಗಿ ಮಾತನಾಡುತ್ತೇನೆ.

ಆ ಯುವಕ ಮೊನ್ನೆ ಫೋನ್ ಮಾಡಿದ್ದ. ಅಲ್ಲಿನ ಪಶುವೈದ್ಯರಲ್ಲಿ ಕೊಳವೆಯ ವಿಷಯ ಕೇಳಿದನಂತೆ. ಅವರಿಗೆ ಅದು ಮೊದಲೇ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಒಂದು ಕೋಣೆಗೆ ಕೊಳವೆಗಳು ಬಂದಿವೆ, ಉಳಿದ ಕೋಣೆಗಳಿಗೆ ಇನ್ನೂ ಇಲ್ಲ. ತನ್ನ ಪಾಳಿಯಲ್ಲಿ ಅವನು ಬೊಗಸೆಯಲ್ಲೇ ಎತ್ತುತ್ತಾನಂತೆ, ಕೆಲಸ ಅರ್ಧ ಗಂಟೆ ತಡವಾಗುತ್ತದೆ, ಜೊತೆಯವರು ನಗುತ್ತಾರೆ. ಉಮ್ಮನಿಗೆ ಹೇಳಿದೆಯಾ ಎಂದೆ. ಹೇಳಿದೆ, ಉಮ್ಮ ಇನ್ನೂ ಏನೂ ಹೇಳಿಲ್ಲ ಎಂದ.

ಕೊನೆಗೆ ಒಂದು ಸೂಚನೆ. ಮನೆಯಲ್ಲಿ ಗಿಳಿ ಇರುವವರು ಈ ಭಾಷಣ ಕೇಳಿ ಇವತ್ತೇ ಪಂಜರದ ಬಾಗಿಲು ತೆರೆದುಬಿಡಬೇಡಿ. ಪಂಜರದಲ್ಲೇ ಬೆಳೆದ ಗಿಳಿಗೆ ಆಹಾರ ಹುಡುಕಲು ಬರುವುದಿಲ್ಲ, ಕಾಗೆ, ಬೆಕ್ಕುಗಳ ಪಾಲಾಗುತ್ತದೆ. ನಮ್ಮ ನಾಡಿನ ಕಾಡುಗಿಳಿಗಳನ್ನು ಮನೆಯಲ್ಲಿಡುವುದು ಕಾನೂನಿನ ಪ್ರಕಾರವೂ ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು. ಒಬ್ಬರೇ ಹೋಗಲು ಅಂಜಿಕೆ ಇರುವವರು ನಮಾಝಿನ ನಂತರ ನನ್ನನ್ನು ಕಾಣಿ, ಸೋಮವಾರ ನಾನೂ ಜೊತೆಗೆ ಬರುತ್ತೇನೆ.